ಹಸುಗೂಸಿನ ರಕ್ತನಂಜು ಮತ್ತು ತಾಯಿಯ ಸಾಕ್ಷ್ಯ

ಇತಿಹಾಸವನ್ನು ಅಭ್ಯಸಿಸುವ ನಾವು ವೈದ್ಯರ ವಿಷಯಕ್ಕೆ ಕೈಹಾಕಿದುದೇಕೆಂದು ವಾಚಕರು ಕೇಳಬಹುದು. ಯಾರ ಮಾತನ್ನು ಸಾಕ್ಷ್ಯವೆಂದು ಸ್ವೀಕರಿಸಬೇಕು, ಅದಕ್ಕೆ ಎಷ್ಟು ಬೆಲೆ ಕೊಡಬೇಕು ಎಂಬುದು ನಮ್ಮ ಶಾಸ್ತ್ರದ ಮೊದಲ ಪ್ರಶ್ನೆ. ಹಸುಗೂಸಿನ ರಕ್ತಕ್ಕೆ ಬ್ಯಾಕ್ಟೀರಿಯಾ ಸೇರಿ ಏರುವ ನಂಜನ್ನು ಗುರುತಿಸುವಲ್ಲಿಯೂ ಅದೇ ಪ್ರಶ್ನೆ ಎದುರಾಗುತ್ತದೆ.

ದೊಡ್ಡವರಿಗೆ ನಂಜೇರಿದರೆ ಸಾಮಾನ್ಯವಾಗಿ ಜ್ವರ ಕಾಣಿಸುವುದು. ಅವರು ತಮ್ಮ ಬಾಧೆಯನ್ನು ಹೇಳಿಕೊಳ್ಳಬಲ್ಲರು. ಹುಟ್ಟಿ ಕೆಲವೇ ದಿನಗಳಾದ ಶಿಶುವಿಗೆ ಜ್ವರವೇ ಬಾರದಿರಬಹುದು, ಮೈ ತಣ್ಣಗಾಗಲೂಬಹುದು. ರಕ್ತಪರೀಕ್ಷೆಯಿಂದ ಬ್ಯಾಕ್ಟೀರಿಯಾವನ್ನು ಬೆಳೆಸಿ ಗುರುತಿಸಲು ಒಂದೆರಡು ದಿನಗಳಾದರೂ ಬೇಕು. ನಂಜು ಅಷ್ಟು ಹೊತ್ತು ಕಾಯುವುದಿಲ್ಲ. ಆದುದರಿಂದ ಹೊರಗೆ ತೋರುವ ಲಕ್ಷಣಗಳನ್ನೇ ಆಶ್ರಯಿಸಬೇಕಾಗುತ್ತದೆ.

ಈ ಲಕ್ಷಣಗಳನ್ನು ಹಳ್ಳಿಯ ಮನೆಯಲ್ಲಿಯೇ ಗುರುತಿಸಬಹುದೆಂಬುದಕ್ಕೆ ಮಹಾರಾಷ್ಟ್ರದ ಗಡ್‌ಚಿರೋಲಿ ಜಿಲ್ಲೆಯ ಪ್ರಯೋಗ ಪ್ರಸಿದ್ಧ ನಿದರ್ಶನ. ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿಗಳ ‘ಸರ್ಚ್’ ಸಂಸ್ಥೆಯು 1995ರಿಂದ 39 ಹಳ್ಳಿಗಳಲ್ಲಿ ಸ್ಥಳೀಯ ಮಹಿಳೆಯರಿಗೆ ತರಬೇತಿ ನೀಡಿತು. ಅವರು ಮನೆಮನೆಗೆ ಹೋಗಿ ಶಿಶುವಿನ ತೂಕ, ಶಾಖ, ಉಸಿರಾಟಗಳನ್ನು ನೋಡಿದರು. ಮೊದಲು ಚೆನ್ನಾಗಿದ್ದ ಅಳು ಕ್ಷೀಣಿಸಿತೇ, ಮೊಲೆಯುಣ್ಣುವುದು ಕಡಿಮೆಯಾಯಿತೇ, ಮಗು ಮಂಕಾಯಿತೇ ಎಂದು ತಾಯಿಯನ್ನು ವಿಚಾರಿಸಿದರು. ನಂಜಿನ ಶಂಕೆಯುಂಟಾದಾಗ ಪ್ರತಿಜೀವಕ ಔಷಧವನ್ನೂ ಕೊಟ್ಟರು. ಸಾವಿರ ಶಿಶುಗಳಿಗೆ 62ರಷ್ಟಿದ್ದ ನವಜಾತ ಮರಣವು 1997-98ರ ವೇಳೆಗೆ 25.5ಕ್ಕೆ ಇಳಿಯಿತು. ಮಗುವನ್ನು ಬೆಚ್ಚಗಿಡುವುದು, ಉಸಿರುಕಟ್ಟಿದ ಶಿಶುವಿನ ಆರೈಕೆ ಮೊದಲಾದುವೂ ಅಲ್ಲಿ ಜೊತೆಗೂಡಿದ್ದುದರಿಂದ ಇಡೀ ಫಲವನ್ನು ನಂಜಿನ ಚಿಕಿತ್ಸೆಯೊಂದಕ್ಕೇ ಸಲ್ಲಿಸುವುದು ಸರಿಯಾಗಲಾರದು.

2008ರಲ್ಲಿ ಭಾರತವೂ ಸೇರಿದಂತೆ ಆರು ದೇಶಗಳ ಸಂಶೋಧಕರು, ಎರಡು ತಿಂಗಳೊಳಗಿನ ಶಿಶುವನ್ನು ಆಸ್ಪತ್ರೆಗೆ ಒಯ್ಯಬೇಕಾದಂಥ ತೀವ್ರ ಕಾಯಿಲೆಯ ಏಳು ಲಕ್ಷಣಗಳನ್ನು ಪ್ರಕಟಿಸಿದರು: ಹಾಲು ಕುಡಿಯಲು ಕಷ್ಟವಾಗಿದೆಯೆಂಬ ಹೇಳಿಕೆ; ಸೆಳವು; ಮುಟ್ಟಿ ಎಚ್ಚರಿಸಿದರೆ ಮಾತ್ರ ಕೈಕಾಲಾಡಿಸುವುದು; ನಿಮಿಷಕ್ಕೆ 60 ಅಥವಾ ಅದಕ್ಕೂ ಹೆಚ್ಚು ಉಸಿರು; ಉಸಿರೆಳೆದಾಗ ಎದೆಯ ಕೆಳಭಾಗ ಆಳವಾಗಿ ಒಳಸೇರುವುದು; 37.5 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೆ ಮೇಲ್ಪಟ್ಟ ಶಾಖ, 35.5 ಡಿಗ್ರಿಗಿಂತ ಕಡಿಮೆ ಶಾಖ. ಇವು ನಂಜಿಗೆ ಮಾತ್ರ ಸೀಮಿತವಲ್ಲ. ಆದರೂ ಇವುಗಳಲ್ಲಿ ಯಾವ ಒಂದು ಕಂಡರೂ ತಡಮಾಡದೆ ಶಿಶುವನ್ನು ಆಸ್ಪತ್ರೆಗೆ ಒಯ್ಯತಕ್ಕದ್ದು.

ಈ ಪಟ್ಟಿಯಲ್ಲಿ ಉಷ್ಣಮಾಪಕ, ಗಡಿಯಾರಗಳ ಸಾಕ್ಷ್ಯದೊಡನೆ ತಾಯಿಯ ಹೇಳಿಕೆಗೂ ಸ್ಥಾನ ದೊರೆತಿರುವುದನ್ನು ಗಮನಿಸಬೇಕು. ಹಾಲುಣಿಸಿದವಳಿಗಲ್ಲದೆ ಆ ಬದಲಾವಣೆ ಮೊದಲು ತಿಳಿಯುವುದು ಇನ್ನಾರಿಗೆ? 2011ರಲ್ಲಿ ಭಾರತ ಸರ್ಕಾರವು ಮನೆಯಲ್ಲಿಯೇ ನವಜಾತ ಶಿಶುವನ್ನು ನೋಡಿಕೊಳ್ಳುವ ಕಾರ್ಯಕ್ರಮವನ್ನು ಆರಂಭಿಸಿತು. ಅದರಂತೆ ಕರ್ನಾಟಕದ ಹಳ್ಳಿಗಳಲ್ಲಿಯೂ ಆಶಾ ಕಾರ್ಯಕರ್ತೆಯರು 42ನೆಯ ದಿನದವರೆಗೆ ಬಾಣಂತಿಯ ಮನೆಗೆ ಬಂದು ವಿಚಾರಿಸುತ್ತಾರೆ. “ಮಗು ನಿನ್ನೆಯಂತಿಲ್ಲ” ಎಂದು ತಾಯಿ ನುಡಿದಾಗ ಅದನ್ನು ಬರಿಯ ಅಂಜಿಕೆಯೆಂದು ತಳ್ಳಿಹಾಕಬಾರದು. ಶಿಶುವಿನ ಪರವಾಗಿ ನುಡಿಯಬಲ್ಲ ಸಾಕ್ಷಿ ಆಕೆಯೇ.