ಕರುಳಿನ ನಂಜಿಗೆ ಗಿಣ್ಣುಹಾಲಿನ ಪ್ರೋಟೀನ್ ಮದ್ದಾದೀತೇ?

ಕೋಲಾರ: ಹೈನುಗಾರಿಕೆಗೆ ಹೆಸರಾದ ಈ ಜಿಲ್ಲೆಯ ಹುತ್ತೂರು ಹೋಬಳಿಯ ರೈತರಿಗೆ ಗಿಣ್ಣುಹಾಲು ಹೊಸತಲ್ಲ. ಹಸು ಕರು ಹಾಕಿದೊಡನೆ ಕರೆಯುವ ಈ ಹಾಲಿನಲ್ಲಿ ಲ್ಯಾಕ್ಟೋಫೆರಿನ್ ಎಂಬ ಪ್ರೋಟೀನ್ ಹೇರಳವಾಗಿದೆ. ತಾಯಿಯ ಎದೆಹಾಲಿನಲ್ಲೂ ಇರುವ ಇದನ್ನು ಆಂಟಿಬಯಾಟಿಕ್ ಜೊತೆಗೆ ನೀಡಿ, ಕರುಳಿನಿಂದ ಮೈಗೆಲ್ಲ ಹರಡುವ ನಂಜನ್ನು ತಡೆಯಬಹುದೇ ಎಂಬ ಪ್ರಶ್ನೆ ವಿಜ್ಞಾನಿಗಳನ್ನು ಬಹುಕಾಲದಿಂದ ಕಾಡಿದೆ.

ಅಪೆಂಡಿಕ್ಸ್ ಒಡೆದಾಗ ಅಥವಾ ಟೈಫಾಯಿಡ್‌ನಿಂದ ಕರುಳು ತೂತಾದಾಗ ಅಲ್ಲಿನ ಬ್ಯಾಕ್ಟೀರಿಯಾಗಳು ಹೊಟ್ಟೆಯೊಳಗೆ ಸೋರಿ ರಕ್ತ ಸೇರುತ್ತವೆ. ಅವುಗಳ ವಿರುದ್ಧ ದೇಹ ಹೂಡುವ ಹೋರಾಟ ಹದ ತಪ್ಪಿ, ತನ್ನದೇ ಅಂಗಾಂಗಗಳಿಗೆ ಹಾನಿ ಮಾಡುವ ಸ್ಥಿತಿಯೇ ಸೆಪ್ಸಿಸ್. ಆಂಟಿಬಯಾಟಿಕ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಆದರೆ ಕೆಲವು ಬಗೆಯ ಬ್ಯಾಕ್ಟೀರಿಯಾಗಳು ಸಾಯುವಾಗ ಅವುಗಳ ಹೊರಪೊರೆಯಿಂದ ಎಂಡೋಟಾಕ್ಸಿನ್ ಎಂಬ ವಿಷ ಬಿಡುಗಡೆಯಾಗಿ ಉರಿಯೂತವನ್ನು ಕೆರಳಿಸುತ್ತದೆ.

ಲ್ಯಾಕ್ಟೋಫೆರಿನ್ ಈ ವಿಷಕ್ಕೆ ಅಂಟಿಕೊಳ್ಳಬಲ್ಲದು. ಬ್ಯಾಕ್ಟೀರಿಯಾಗಳ ಬೆಳವಣಿಗೆಗೆ ಬೇಕಾದ ಕಬ್ಬಿಣಾಂಶವನ್ನು ಕಸಿಯಬಲ್ಲದು. ಅವುಗಳ ಹೊರಪೊರೆಯನ್ನು ಸಡಿಲಗೊಳಿಸಿ ಔಷಧಕ್ಕೆ ದಾರಿ ಮಾಡಿಕೊಡಬಲ್ಲದು. ಪ್ರಯೋಗಶಾಲೆಯಲ್ಲಿ ಈ ಗುಣಗಳು ಆಸೆ ಹುಟ್ಟಿಸಿದವು.

ರೋಗಿಗಳ ಮೇಲಿನ ಪರೀಕ್ಷೆಯ ಕಥೆಯೇ ಬೇರೆ. ಟ್ಯಾಲ್ಯಾಕ್ಟೋಫೆರಿನ್ ಎಂಬ ಕೃತಕವಾಗಿ ತಯಾರಿಸಿದ ಮಾನವ ಲ್ಯಾಕ್ಟೋಫೆರಿನ್ ಅನ್ನು ತೀವ್ರ ಸೆಪ್ಸಿಸ್ ಇದ್ದವರಿಗೆ ಎಂದಿನ ಚಿಕಿತ್ಸೆಯ ಜೊತೆಗೆ ಕೊಟ್ಟು ನೋಡಲಾಯಿತು. ಮೊದಲ ಸುತ್ತಿನಲ್ಲಿ ಸಾವು ಇಳಿದಂತೆ ಕಂಡಿತು. ಆದರೆ ಮುಂದಿನ ದೊಡ್ಡ ಪರೀಕ್ಷೆಯಲ್ಲಿ ಔಷಧ ಪಡೆದವರಲ್ಲೇ ಸಾವು ಹೆಚ್ಚಾಗಿ ಕಂಡಿದ್ದರಿಂದ 2012ರಲ್ಲಿ ಅದನ್ನು ಅರ್ಧಕ್ಕೇ ನಿಲ್ಲಿಸಲಾಯಿತು. ಬ್ರಿಟನ್ನಿನಲ್ಲಿ ಅವಧಿಗೆ ಬಹಳ ಮುನ್ನ ಹುಟ್ಟಿದ ಸುಮಾರು 2,200 ಶಿಶುಗಳಿಗೆ ಸೋಂಕು ತಗಲದಂತೆ ತಡೆಯಲು ಹಸುವಿನ ಹಾಲಿನ ಲ್ಯಾಕ್ಟೋಫೆರಿನ್ ಉಪಯುಕ್ತವೇ ಎಂದು ಪರೀಕ್ಷಿಸಲಾಯಿತು. 2019ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಅದರಿಂದ ಗಮನಾರ್ಹ ಪ್ರಯೋಜನವಾಗಲಿಲ್ಲ.

ಆದ್ದರಿಂದ ಗಿಣ್ಣು ಆಹಾರವೇ ಹೊರತು ನಂಜಿಗೆ ಔಷಧವಲ್ಲ. ಅದನ್ನು ಕಾಯಿಸಿದಾಗ ಈ ಪ್ರೋಟೀನಿನ ಬಹುಭಾಗ ಕೆಡುತ್ತದೆ. ಹಸಿಯಾಗಿ ಕುಡಿದರೆ ಬೇರೆ ಸೋಂಕಿನ ಭಯವಿದೆ. ಅಂಗಡಿಯಲ್ಲಿ ಸಿಗುವ ಲ್ಯಾಕ್ಟೋಫೆರಿನ್ ಪುಡಿ, ಮಾತ್ರೆಗಳೂ ಚಿಕಿತ್ಸೆಗೆ ಬದಲಿಯಾಗಲಾರವು.

ಇಂದಿಗೂ ಜೀವ ಉಳಿಸುವುದು ಸಕಾಲದ ಆಂಟಿಬಯಾಟಿಕ್, ರಕ್ತನಾಳದ ಮೂಲಕ ನೀಡುವ ದ್ರವ ಹಾಗೂ ತೂತು ಮುಚ್ಚುವ ಶಸ್ತ್ರಚಿಕಿತ್ಸೆ. ರಕ್ತದೊತ್ತಡ ಕುಸಿದಿದ್ದರೆ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಆರಂಭವಾಗಬೇಕೆಂದು ಅಂತಾರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಹೊಟ್ಟೆ ಗಟ್ಟಿಯಾಗಿ ತಡೆಯಲಾರದ ನೋವು, ಜ್ವರ, ಏದುಸಿರು, ಮೂತ್ರ ಕಡಿಮೆಯಾಗುವುದು, ಮಂಪರು ಕಂಡುಬಂದರೆ ನೋವಿನ ಮಾತ್ರೆ ನುಂಗಿ ಬೆಳಗಾಗಲೆಂದು ಕಾಯಬಾರದು. ಹಳ್ಳಿಯವರು ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಆ ಕೂಡಲೇ ಹೊರಡಬೇಕು. 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ.