ಬೈಕ್ ನೋಡುವ ಮುಂಚೆ ದಾರಿ ನೋಡಿ

ನಮ್ಮ ಮನೆಯಲ್ಲಿ ಈಗ ಎಲೆಕ್ಟ್ರಿಕ್ ಬೈಕಿನದ್ದೇ ಮಾತು. ಅಣ್ಣನ ಮಗನಿಗೆ ಮಂಗಳೂರಿನ ಹಂಪನಕಟ್ಟೆಯಲ್ಲಿ ಕೆಲಸ, ಮನೆ ಬಿ.ಸಿ.ರೋಡ್ ಹತ್ತಿರ. ಬಸ್ಸಿನ ನೂಕುನುಗ್ಗಲು ಸಾಕಾಗಿ ಅವನು ಮೊಬೈಲಿನಲ್ಲಿ ತೋರಿಸಿದ್ದು ದಪ್ಪ ಟಯರಿನ, ಗುಡ್ಡ ಹತ್ತುವ ಆಫ್‌ರೋಡ್ ಬೈಕ್. ದುಡ್ಡು ಕಳಿಸಬೇಕಾದವರು ದಮ್ಮಾಮ್‌ನಲ್ಲಿರುವ ಅವನ ಬಾಪ. ಅವರು ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ನೀನು ಕೆಲಸಕ್ಕೆ ಹೋಗುದಾ, ಗುಡ್ಡೆ ಹತ್ತುದಾ?"

ಆಯ್ಕೆಯ ಗುಟ್ಟು ಇರುವುದು ಆ ಪ್ರಶ್ನೆಯಲ್ಲೇ. ಬಿ.ಸಿ.ರೋಡಿನಿಂದ ಮಂಗಳೂರಿಗೆ ಹೋಗಿ ಬಂದರೆ ಸುಮಾರು 50 ಕಿ.ಮೀ. ಕಂಪೆನಿ ಹೇಳುವ ರೇಂಜ್ ಪರೀಕ್ಷೆಯಲ್ಲಿ ಸಿಕ್ಕಿದ್ದು. ಹೆದ್ದಾರಿಯ ವೇಗ, ಹಿಂದೆ ಒಬ್ಬರು, ಏರು ದಾರಿ ಸೇರಿದರೆ ಅದು ಇಳಿಯುತ್ತದೆ. ಬ್ಯಾಟರಿ ಹಳೆಯದಾದಂತೆ ಇನ್ನಷ್ಟು. ಹಾಗಾಗಿ ದಿನದ ಓಡಾಟಕ್ಕಿಂತ ಧಾರಾಳ ಹೆಚ್ಚು ರೇಂಜ್ ಇರುವುದನ್ನೇ ನೋಡಬೇಕು.

ಆಫ್‌ರೋಡ್ ಬೈಕಿನ ಲೆಕ್ಕವೇ ಬೇರೆ. ಎತ್ತರದ ಸೀಟು, ಉದ್ದ ಸಸ್ಪೆನ್ಷನ್, ಕೆಸರು ಕಚ್ಚಿ ಹಿಡಿಯುವ ಟಯರ್ ಕಾಡುದಾರಿಗೆ ಬೇಕು. ಅದೇ ಟಯರ್ ಕಾಂಕ್ರೀಟ್ ರಸ್ತೆಯಲ್ಲಿ ಬೇಗ ಸವೆಯುತ್ತದೆ, ಬ್ಯಾಟರಿಯನ್ನೂ ತಿನ್ನುತ್ತದೆ. ಕೆಲವು ಬೈಕುಗಳಲ್ಲಿ ಹಿಂದೆ ಸೀಟೇ ಇಲ್ಲ, ಉಮ್ಮನನ್ನು ಆಸ್ಪತ್ರೆಗೆ ಕರ್ಕೊಂಡು ಹೋಗುದು ಹೇಗೆ? ರಿಜಿಸ್ಟ್ರೇಶನ್ ಆಗದ ಬೈಕನ್ನು ಸಾರ್ವಜನಿಕ ರಸ್ತೆಗೆ ಇಳಿಸುವಂತೆಯೂ ಇಲ್ಲ. ಮೀಸಲು ಅರಣ್ಯಕ್ಕೆ ಅನುಮತಿ ಇಲ್ಲದೆ ನುಗ್ಗಿದರೆ ಕೇಸು.

"ಲೈಸೆನ್ಸ್ ಬೇಡದ ಬೈಕ್ ಉಂಟಲ್ಲ" ಎಂದ ಹುಡುಗ. ಉಂಟು, ಆದರೆ ಮೋಟಾರ್ ಶಕ್ತಿ 250 ವ್ಯಾಟ್‌ನೊಳಗೆ, ವೇಗ ಗಂಟೆಗೆ 25 ಕಿ.ಮೀ. ಒಳಗೆ ಇರುವ ಹಗುರ ಗಾಡಿಗೆ ಮಾತ್ರ. ವೇಗ ಹೆಚ್ಚಿಸಲು ವಯರ್ ಬದಲಿಸಿದರೆ ಆ ರಿಯಾಯಿತಿ ಹೋಯಿತು. ಹೆದ್ದಾರಿಯಲ್ಲಿ 50 ಕಿ.ಮೀ. ಓಡಾಟಕ್ಕೆ ಅದು ಆಗುವುದೂ ಇಲ್ಲ.

ಹಾಗಂತ ಮಣ್ಣಿನ ದಾರಿಯನ್ನು ಮರೆಯುವಂತಿಲ್ಲ. ನಮ್ಮಲ್ಲಿ ಹಲವರ ಮನೆ ಇರುವುದು ಗುಡ್ಡೆಯ ಮೇಲೆ. ಕೊನೆಯ ಏರು ಮಳೆಗಾಲದಲ್ಲಿ ಬರೀ ಕೆಸರು. ಅದಕ್ಕೆ ಆಫ್‌ರೋಡ್ ಬೈಕೇ ಬೇಕೆಂದಿಲ್ಲ. ಏರಿನಲ್ಲಿ ಎಳೆಯುವ ಮೋಟಾರ್, ಒಳ್ಳೆಯ ಟಯರ್, ನೀರು ಹೋಗದಂತೆ ಮುಚ್ಚಿದ ಬ್ಯಾಟರಿ ಇದ್ದರೆ ಸಾಕು. ಫ್ಲ್ಯಾಟಿನಲ್ಲಿ ಇರುವವರು ಚಾರ್ಜಿಂಗ್ ಎಲ್ಲಿ ಎಂದು ಮೊದಲೇ ಕೇಳಿಕೊಳ್ಳಿ. ವಾರಂಟಿ ಎಷ್ಟು ವರ್ಷ, ಸರ್ವಿಸ್ ಸೆಂಟರ್ ಎಷ್ಟು ಹತ್ತಿರ ಎಂಬುದನ್ನೂ ಬಿಡಬೇಡಿ.

ಕೊನೆಗೆ ನಾವು ಟೆಸ್ಟ್ ರೈಡಿಗೆ ಸ್ಕೂಟರನ್ನು ಮನೆಯ ಏರಿಗೇ ತಂದೆವು. ಹಿಂದೆ ಉಮ್ಮನನ್ನು ಕೂರಿಸಿ ಹುಡುಗ ಹತ್ತಿಸಿದ. ಎಲ್ಲೂ ನಿಲ್ಲಲಿಲ್ಲ. ಆ ರಾತ್ರಿಯೇ ದಮ್ಮಾಮ್‌ಗೆ ಫೋನ್ ಹೋಯಿತು.

ನೀವೂ ಹಾಗೆಯೇ ಮಾಡಿ. ಅಡ್ವಾನ್ಸ್ ಕೊಡುವ ಮೊದಲು ನಿಮ್ಮ ದಾರಿಯಲ್ಲೇ ಓಡಿಸಿ ನೋಡಿ.