ಆನ್‌ಲೈನ್ ಪಾಠದ ನಾಲ್ಕನೆಯ ಅಂಗ: ಚಿಕ್ಕೋಡಿ ಸೀಮೆಯ ವಿದ್ಯಾರ್ಥಿಗಳಿಗೆ ಎಂಥ ಚರ್ಚೆ ಬೇಕು?

ಕೇಂದ್ರ ಸರ್ಕಾರ 2017ರ ಜುಲೈನಲ್ಲಿ ಆರಂಭಿಸಿದ ‘ಸ್ವಯಂ’ ಕಲಿಕಾ ತಾಣವು ಪ್ರತಿಯೊಂದು ಕೋರ್ಸಿಗೂ ನಾಲ್ಕು ಅಂಗಗಳನ್ನು ಗೊತ್ತುಪಡಿಸಿದೆ: ವಿಡಿಯೊ ಪಾಠ, ಓದುವ ಸಾಮಗ್ರಿ, ಸ್ವಮೌಲ್ಯಮಾಪನ ಮತ್ತು ಸಂದೇಹಗಳ ಚರ್ಚೆ. ಮೊದಲ ಮೂರಕ್ಕೆ ಸಿಕ್ಕ ಗಮನ ನಾಲ್ಕನೆಯದಕ್ಕೆ ಸಿಕ್ಕಿಲ್ಲ. ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಕೂಡಿ ಸ್ವಯಂ ಮೂಲಕ ನಡೆಸುವ ಎನ್‌ಪಿಟಿಇಎಲ್ ಕೋರ್ಸುಗಳಲ್ಲಿ ಸಾಮಾನ್ಯವಾಗಿ ಅಸೈನ್‌ಮೆಂಟುಗಳಿಗೆ ಶೇ 25, ಅಂತಿಮ ಪರೀಕ್ಷೆಗೆ ಶೇ 75 ಅಂಕಗಳು ಹಂಚಿಹೋಗುವುದರಿಂದ, ಪ್ರಶ್ನೆ ಕೇಳಿದವರಿಗೂ ಕೇಳದೆ ಉಳಿದವರಿಗೂ ಫಲಿತಾಂಶದಲ್ಲಿ ವ್ಯತ್ಯಾಸವಿಲ್ಲ. ಒಂದು ಸೆಮಿಸ್ಟರಿನ ಶೇ 40ರಷ್ಟು ಕೋರ್ಸುಗಳನ್ನು ಸ್ವಯಂ ಮೂಲಕ ಓದಲು ಯುಜಿಸಿ 2021ರಲ್ಲಿ ಅವಕಾಶ ನೀಡಿದ ಮೇಲೆ ಇದನ್ನು ಸಣ್ಣ ಕೊರತೆಯೆಂದು ತಳ್ಳಿಹಾಕಲಾಗದು.

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳಲ್ಲಿ ಈ ಕೊರತೆಗೆ ಬೇರೆಯೇ ಮುಖವಿದೆ. ಜುಲೈ ಸೆಮಿಸ್ಟರ್ ಆರಂಭವಾಗುವ ಹೊತ್ತಿಗೇ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ತುಂಬಿ, ಕಲ್ಲೋಳ–ಯಡೂರ ಸೇತುವೆಯಂಥ ತಗ್ಗು ಸೇತುವೆಗಳು ಮುಳುಗಿ, ಹಳ್ಳಿಗಳಿಂದ ಕಾಲೇಜಿಗೆ ಬರುವ ದಾರಿ ಕಡಿದುಹೋಗುವುದುಂಟು. ಆಗ ಎಲ್ಲರೂ ಒಂದೇ ಗಳಿಗೆಗೆ ಕೂಡಬೇಕಾದ ನೇರ ವಿಡಿಯೊ ತರಗತಿಗಿಂತ, ಇಂದು ಬರೆದ ಪ್ರಶ್ನೆಗೆ ನಾಳೆ ಉತ್ತರ ಬಂದರೂ ನಡೆಯುವ ಚರ್ಚೆಯೇ ಹೆಚ್ಚು ಉಪಯುಕ್ತ.

ಆದರೆ ಆ ಪ್ರಶ್ನೆಯನ್ನು ಯಾವ ಭಾಷೆಯಲ್ಲಿ ಬರೆಯಬೇಕು? ನಿಪ್ಪಾಣಿ, ಕಾಗವಾಡಗಳ ಕಡೆ ಮರಾಠಿ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿದವರೂ ಅಥಣಿ, ರಾಯಬಾಗಗಳ ಕನ್ನಡ ಮಾಧ್ಯಮದವರೂ ವಿಜ್ಞಾನ ಓದಲು ಬಂದು ಇಂಗ್ಲಿಷಿನ ಮುಂದೆ ನಿಲ್ಲುತ್ತಾರೆ. ತರಗತಿಯಲ್ಲಿ ‘ಈ ಸ್ಟೆಪ್ ಹೆಂಗ ಬಂತ್ರೀ ಸರ್?’ ಎಂದು ಸಲೀಸಾಗಿ ಕೇಳಬಲ್ಲ ವಿದ್ಯಾರ್ಥಿಯು ಅದನ್ನೇ ಅಪರಿಚಿತರ ಎದುರು ಇಂಗ್ಲಿಷಿನಲ್ಲಿ ಬರೆಯಬೇಕಾದಾಗ, ಗಣಿತದ ತೊಡಕಿನ ಜೊತೆಗೆ ವ್ಯಾಕರಣದ ಅಂಜಿಕೆಯನ್ನೂ ಹೊರಬೇಕಾಗುತ್ತದೆ. ಆದ್ದರಿಂದ ಕನ್ನಡ ಲಿಪಿ, ದೇವನಾಗರಿ, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ, ಕಿರು ಧ್ವನಿಸಂದೇಶ ಇವೆಲ್ಲವನ್ನೂ ಚರ್ಚಾ ವಿಭಾಗ ಒಪ್ಪಿಕೊಳ್ಳಬೇಕು. ಯಂತ್ರಾನುವಾದವನ್ನು ಬಳಸಿದರೂ ಮೂಲ ಪ್ರಶ್ನೆಯನ್ನು ಅದರ ಪಕ್ಕದಲ್ಲೇ ಉಳಿಸಬೇಕು, ಏಕೆಂದರೆ ಪಾರಿಭಾಷಿಕ ಪದ ತಪ್ಪಾಗಿ ಅನುವಾದಗೊಂಡರೆ ಉತ್ತರವೂ ದಾರಿ ತಪ್ಪುತ್ತದೆ.

ಸಂಕೋಚಕ್ಕೆ ಭಾಷೆಯೊಂದೇ ಕಾರಣವಲ್ಲ. ಐಐಟಿ ಕಾನ್ಪುರದಲ್ಲಿ ಓದಿದ ಪೂಜಾ ಶಂಕರ್, ಹುಡುಗರೇ ಹೆಚ್ಚಿದ್ದ ತರಗತಿಯಲ್ಲಿ ಸಂದೇಹ ಕೇಳಲು ತಾವು ಹಿಂಜರಿದ ಅನುಭವವೇ ಮುಂದೆ ಅಮೆರಿಕದಲ್ಲಿ ‘ಪಿಯಾಝಾ’ ಎಂಬ ಪ್ರಶ್ನೋತ್ತರ ತಾಣ ಕಟ್ಟಲು ಪ್ರೇರಣೆಯಾಯಿತೆಂದು ಹೇಳಿಕೊಂಡಿದ್ದಾರೆ. ಸಹಪಾಠಿಗಳಿಗೆ ಹೆಸರು ಕಾಣದಂತೆ ಪ್ರಶ್ನೆ ಹಾಕುವ ಅನುಕೂಲ ಅದರಲ್ಲಿದೆ. ಹೆಸರು ಶಿಕ್ಷಕರಿಗೆ ಮಾತ್ರ ತಿಳಿಯುವಂತಿದ್ದರೆ ಕಿಡಿಗೇಡಿತನಕ್ಕೂ ಕಡಿವಾಣ ಬೀಳುತ್ತದೆ. 2002ರಲ್ಲಿ ಹೊರಬಂದ ‘ಮೂಡಲ್’ ಎಂಬ ಮುಕ್ತ ತಂತ್ರಾಂಶದ ಒಂದು ಬಗೆಯ ಚರ್ಚೆಯಲ್ಲಿ, ತನ್ನ ಉತ್ತರ ಬರೆಯುವವರೆಗೂ ವಿದ್ಯಾರ್ಥಿಗೆ ಉಳಿದವರ ಉತ್ತರಗಳು ಕಾಣುವುದಿಲ್ಲ. ಜಾಣನೊಬ್ಬ ಬರೆದದ್ದಕ್ಕೆ ಮಿಕ್ಕವರು ‘ಹೌದು’ ಎಂದು ತಲೆಯಾಡಿಸಿ ಹೋಗುವ ರೂಢಿಯನ್ನು ಈ ಸಣ್ಣ ಏರ್ಪಾಡು ಮುರಿಯುತ್ತದೆ.

ಗುಂಪಿನ ಗಾತ್ರವೂ ಮುಖ್ಯ. ಕೋವಿಡ್ ಕಾಲದಲ್ಲಿ, 2020ರಲ್ಲಿ, ರಾಜ್ಯ ಸರ್ಕಾರ ರೂಪಿಸಿದ ‘ವಿದ್ಯಾಗಮ’ದಲ್ಲಿ ಶಾಲಾ ಮಕ್ಕಳನ್ನು ಅವರ ನೆರೆಹೊರೆಗೆ ಅನುಗುಣವಾಗಿ ಸಣ್ಣ ಗುಂಪುಗಳಾಗಿ ಮಾಡಿ, ಪ್ರತಿ ಗುಂಪಿಗೂ ಮಾರ್ಗದರ್ಶಿ ಶಿಕ್ಷಕರನ್ನು ಗೊತ್ತುಪಡಿಸಲಾಗಿತ್ತು. ಸೋಂಕಿನ ಭೀತಿಯಿಂದ ಅದು ಆ ವರ್ಷದ ಅಕ್ಟೋಬರಿನಲ್ಲಿ ನಿಂತಿತಾದರೂ ಅದರ ಹಿಂದಿನ ವಿಚಾರ ಸರಿಯಾಗಿಯೇ ಇತ್ತು. ದೇಶದಾದ್ಯಂತದ ಸಾವಿರಾರು ಜನರಿರುವ ಕೋರ್ಸಿನೊಳಗೇ ಚಿಕ್ಕೋಡಿ ಅಥವಾ ಅಥಣಿಯ ಕಾಲೇಜೊಂದರ ಇಪ್ಪತ್ತು ಮಂದಿಗೆ ಪ್ರತ್ಯೇಕ ಚರ್ಚಾ ಗುಂಪು ಮಾಡಿ, ಅಲ್ಲಿ ಬಗೆಹರಿಯದ ಪ್ರಶ್ನೆಯನ್ನು ಮಾತ್ರ ಮೂಲ ಅಧ್ಯಾಪಕರಿಗೆ ಕಳುಹಿಸುವುದು ತಾಂತ್ರಿಕವಾಗಿ ಕಷ್ಟದ ಕೆಲಸವಲ್ಲ.

ಕಷ್ಟವಿರುವುದು ಸ್ಥಳೀಯ ಕಾಲೇಜಿನ ವೇಳಾಪಟ್ಟಿಯಲ್ಲಿ. ಆ ಗುಂಪನ್ನು ನೋಡಿಕೊಳ್ಳುವ ಅಧ್ಯಾಪಕರು ಸಂಜೆ ಮನೆಯಲ್ಲಿ ಕುಳಿತು ಉತ್ತರ ಬರೆಯುವ ವೇಳೆ ಅವರ ಕೆಲಸದ ಅವಧಿಯ ಲೆಕ್ಕಕ್ಕೆ ಸೇರದಿದ್ದರೆ, ಮೊದಲ ತಿಂಗಳ ಉತ್ಸಾಹ ಎರಡನೆಯ ತಿಂಗಳಿಗೆ ಉಳಿಯುವುದಿಲ್ಲ. ವಾರಕ್ಕೆ ಎರಡು ಗಂಟೆಯನ್ನಾದರೂ ಬೋಧನೆಯೆಂದೇ ದಾಖಲಿಸಿ, ಆಂತರಿಕ ಮೌಲ್ಯಮಾಪನದಲ್ಲಿ ಒಳ್ಳೆಯ ಪ್ರಶ್ನೆಗೂ ಒಂದಿಷ್ಟು ಅಂಕ ಮೀಸಲಿಡುವುದಕ್ಕೆ ಹೊಸ ತಂತ್ರಾಂಶದ ಅಗತ್ಯವಿಲ್ಲ; ಕಾಲೇಜು ಮತ್ತು ವಿಶ್ವವಿದ್ಯಾಲಯಗಳ ನಿರ್ಣಯ ಸಾಕು.